ಸೆಗೋವಿಯಾಕ್ಕೆ ಅಪ್ಪನನ್ನು ಕರೆದೊಯ್ಯಬೇಕು: ಅಲ್ಲಿ ನಿಜವಾಗಿ ಹಳೆಯದು ಯಾವುದು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ತಂಗಿ ಮ್ಯಾಡ್ರಿಡ್‌ನಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡುವ ನೆಪದಲ್ಲಿ ಅಪ್ಪ-ಅಮ್ಮನನ್ನು ಕರೆದುಕೊಂಡು ಅಕ್ಟೋಬರ್‌ನಲ್ಲಿ ಹೊರಟಿದ್ದೇನೆ. ಒಂದು ದಿನ ಸೆಗೋವಿಯಾಕ್ಕೆ ಅಂತ ಇಟ್ಟುಕೊಂಡಿದ್ದೇವೆ. ಅಪ್ಪ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಅಲ್ಲಿನ ರೋಮನ್ ಮೇಲ್ಗಾಲುವೆಯ ಫೋಟೋ ತೋರಿಸಿದ್ದೇ ತಪ್ಪಾಯಿತೇನೋ, ದಿನಾ ಊಟಕ್ಕೆ ಕೂತಾಗ ಒಂದೊಂದು ಪ್ರಶ್ನೆ. ಗಾರೆ ಇಲ್ಲದೆ ಅಷ್ಟೆತ್ತರ ಹೇಗೆ ನಿಂತಿದೆ? ಇಳಿಜಾರು ಎಷ್ಟು ಕೊಟ್ಟಿದ್ದಾರೆ? ಹೂಳು ಎಲ್ಲಿ ತೆಗೆಯುತ್ತಿದ್ದರು? ಕಲ್ಲಿನ ಮೇಲೆಲ್ಲ ಕಾಣುವ ತೂತುಗಳು ಯಾಕೆ?

ಇನ್ನೊಂದು ವಿಷಯ. ಕಳೆದ ವರ್ಷ ಹೋಗಿ ಬಂದ ನಮ್ಮ ಸಂಬಂಧಿಕರೊಬ್ಬರು "ಅಲ್ಲಿನ ಕೋಟೆ ಸುಟ್ಟುಹೋಗಿ ಮತ್ತೆ ಕಟ್ಟಿದ್ದು, ಎಲ್ಲಾ ಡೂಪ್ಲಿಕೇಟು, ಟಿಕೆಟ್ ದುಡ್ಡು ದಂಡ" ಅಂದುಬಿಟ್ಟರು. ಹೌದಾ? ಅಮ್ಮನಿಗೆ ಮಂಡಿನೋವು ಬೇರೆ. ಗೊತ್ತಿದ್ದವರು ಸ್ವಲ್ಪ ಹೇಳಿ.


ಸುಮ್ನೆ_ಸುತ್ತಾಟ:

ಒಂದೇ ದಿನ ಇದೆ ಅಂದ್ರೆ ತೊಲೆದೊಗೆ ಹೋಗಿ ಮಾರಾಯ್ರೇ. ಸೆಗೋವಿಯಾದಲ್ಲಿ ಆ ಕಮಾನು ನೋಡಿದರೆ ಮುಗೀತು, ಅರ್ಧ ದಿನದ ಕೆಲಸ. ಕೋಟೆ ಹೊರಗಿಂದ ಸಿನಿಮಾ ಸೆಟ್ಟಿನ ಹಾಗೆ ಚಂದ, ಒಳಗೆ ಕಬ್ಬಿಣದ ಅಂಗಿ ತೊಟ್ಟ ಗೊಂಬೆಗಳು. ಊಟ ಮಾತ್ರ ಮಾಂಸಾಹಾರಿಗಳಿಗೆ ಹಬ್ಬ.


ಬಂಡೆಗಲ್ಲು:

ಮೇಲಿನವರ ಮಾತು ಬಿಡ್ರಿ, ನೀರಾವರಿ ಎಂಜಿನಿಯರರನ್ನ ಕರಕೊಂಡು ಬಂದು ಸೆಗೋವಿಯಾ ತಪ್ಪಿಸೋದುಂಟೇನು? ನಾನು ಬಾಗಲಕೋಟೆ ಕಡೆಯವನು, ಈಗ ಮ್ಯಾಡ್ರಿಡ್‌ನಲ್ಲಿ ಹಳೇ ಕಟ್ಟಡಗಳ ದುರಸ್ತಿಗೆ ನಕ್ಷೆ ಬರೆಯುವ ಆಫೀಸಿನಲ್ಲಿ ಕೆಲಸ. ಹಾಗಾಗಿ ಆ ಊರಿಗೆ ಹೋಗಿಬರುವುದು ಇದ್ದೇ ಇರುತ್ತದೆ. ಸ್ವಲ್ಪ ಉದ್ದ ಬರೀತೀನಿ, ಅಪ್ಪಾವರಿಗೆ ಓದಿ ಹೇಳಿ.

ಮೊದಲು ನೀರಿನ ದಾರಿ. ನೀರು ಬರುತ್ತಿದ್ದದ್ದು ಗ್ವಾದರ್ರಾಮಾ ಬೆಟ್ಟಸಾಲಿನ ಫ್ವೆನ್‌ಫ್ರಿಯಾ ಕಡೆಯಿಂದ, ಊರಿನಿಂದ ಹದಿನೈದು ಕಿಲೋಮೀಟರಿಗೂ ಆಚೆ. ಪ್ರವಾಸಿಗರು ನೋಡುವ ಕಮಾನುಗಳು ಆ ದಾರಿಯ ಕೊನೆಯ ತುಣುಕು, ಸುಮಾರು 800 ಮೀಟರ್ ಅಷ್ಟೇ. ಮಿಕ್ಕಿದ್ದೆಲ್ಲ ನೆಲದ ಮಟ್ಟದಲ್ಲೇ ಬರುವ ಕಾಲುವೆ. ಊರ ಹೊರಗೆ ಕಲ್ಲಿನ ಎರಡು ಸಣ್ಣ ಮನೆಗಳಂಥ ತೊಟ್ಟಿಗಳಿವೆ. ಒಂದರಲ್ಲಿ ನೀರು ತುಂಬಿಕೊಂಡು, ಇನ್ನೊಂದರಲ್ಲಿ ಮರಳು ಇಳಿದು, ತಿಳಿಯಾದದ್ದು ಮಾತ್ರ ಮುಂದಕ್ಕೆ. ಹೂಳಿನ ಪ್ರಶ್ನೆಗೆ ಇದೇ ಉತ್ತರ. ಅಲ್ಲಿಂದ ಮುಂದೆ ನೂರು ಮೀಟರಿಗೆ ಸುಮಾರು ಒಂದು ಮೀಟರ್ ಇಳಿಜಾರು. ಇಷ್ಟು ಜಾಸ್ತಿ ಯಾಕೆ ಕೊಟ್ಟರು ಅಂತ ಅಪ್ಪಾವರು ಹುಬ್ಬು ಗಂಟಿಕ್ಕಬಹುದು. ಅಲ್ಲೇ ನಿಂತು ಯೋಚಿಸಲಿ, ಅವರಿಗೂ ಕೆಲಸ ಬೇಕಲ್ಲ.

ಅಸೊಗೆಹೊ ಅನ್ನುವ ಚೌಕದಲ್ಲಿ ಕಣಿವೆ ಆಳವಾಗುವುದರಿಂದ ಕಮಾನು ಎರಡಂತಸ್ತು ಏರುತ್ತದೆ, ಸುಮಾರು 28 ಮೀಟರ್ ಎತ್ತರ. ಒಟ್ಟು 167 ಕಮಾನು. ಗ್ರಾನೈಟ್ ಕಲ್ಲಿಗೆ ಕಲ್ಲು ಕೂಡಿಸಿದ್ದು, ನಡುವೆ ಗಾರೆ ಇಲ್ಲ ಅನ್ನೋದು ನಿಜ. ಆದರೆ ತುದಿಯಲ್ಲಿ ನೀರು ಹರಿಯುವ ಕಾಲುವೆ ಮಾತ್ರ ಗಾರೆಗೆಲಸ. ಅಲ್ಲೂ ಒಣಗಲ್ಲು ಇಟ್ಟಿದ್ದರೆ ನೀರು ಊರು ಮುಟ್ಟುವುದು ಎಲ್ಲಿಂದ ಬಂತು? ಕೆಳಗಿನ ಕಲ್ಲಿಗೆ ಮೇಲಿನ ಭಾರವೇ ಬಂಧ. ಕಂಬಗಳನ್ನು ಬುಡದಿಂದ ತುದಿಗೆ ಹಂತಹಂತವಾಗಿ ಸಣ್ಣ ಮಾಡುತ್ತಾ ಹೋಗಿದ್ದಾರೆ, ಪ್ರತಿ ಹಂತದಲ್ಲೂ ಒಂದು ಕಲ್ಲಿನ ಪಟ್ಟಿ ಹೊರಚಾಚಿದೆ. ಕೆಳಗಿನ ಸಾಲಿನ ಕಮಾನುಗಳು ಮುಖ್ಯವಾಗಿ ಆ ಉದ್ದನೆಯ ಕಂಬಗಳು ಆಚೀಚೆ ವಾಲದಂತೆ ಹಿಡಿದುಕೊಳ್ಳಲಿಕ್ಕೆ.

ಈಗ ತೂತಿನ ವಿಚಾರ. ನಮ್ಮ ಬಾದಾಮಿ, ಹಂಪಿ ಕಡೆ ಬಂಡೆ ಮೇಲೆ ಸಾಲಾಗಿ ಚೌಕದ ಕುಳಿಗಳು ಕಾಣ್ತಾವಲ್ಲ, ಅವು ಬಂಡೆ ಸೀಳಲಿಕ್ಕೆ ಬೆಣೆ ಹೊಡೆದ ಗುರುತು. ಸೆಗೋವಿಯಾದ್ದು ಬೇರೆ. ಇಲ್ಲಿ ಒಂದು ಕಲ್ಲಿಗೆ ಒಂದೇ ಕುಳಿ, ಮುಖದ ನಡುಮಧ್ಯೆ. ಅದಕ್ಕೆ ಸರಿಯಾಗಿ ಹಿಂದಿನ ಮುಖದಲ್ಲೂ ಇನ್ನೊಂದು. ಕಬ್ಬಿಣದ ದೊಡ್ಡ ಇಕ್ಕಳದ ಎರಡು ತುದಿ ಈ ಎರಡು ಕುಳಿಯಲ್ಲಿ ಕೂರುತ್ತವೆ, ಹಗ್ಗ ಎಳೆದಷ್ಟೂ ಕಲ್ಲಿನ ತೂಕಕ್ಕೇ ಇಕ್ಕಳ ಬಿಗಿಯಾಗುತ್ತದೆ. ಊರವರನ್ನು ಕೇಳಿದರೆ ಅದು ಸೈತಾನನ ಬೆರಳಚ್ಚು ಅಂತಾರೆ. ಬೆಟ್ಟದಿಂದ ನೀರು ಹೊತ್ತು ಸಾಕಾದ ಹುಡುಗಿಯೊಬ್ಬಳು, ಕೋಳಿ ಕೂಗುವುದರೊಳಗೆ ನೀರು ಮನೆಬಾಗಿಲಿಗೆ ತಂದರೆ ನನ್ನ ಆತ್ಮ ನಿನ್ನದು ಅಂತ ಅವನಿಗೆ ಮಾತು ಕೊಟ್ಟಳಂತೆ. ಅವನು ರಾತ್ರಿಯಿಡೀ ಕಟ್ಟಿದ, ಒಂದು ಕಲ್ಲು ಬಾಕಿ ಇರುವಾಗ ಬೆಳಗಾಯಿತು. 2019ರಲ್ಲಿ ಈ ಸೈತಾನನದ್ದೇ ಒಂದು ಕಂಚಿನ ಪುಟ್ಟ ಪ್ರತಿಮೆ ನಿಲ್ಲಿಸಿದರು, ನಗುತ್ತಾ ಸೆಲ್ಫಿ ತೆಗೆದುಕೊಳ್ಳುವ ಹಾಗೆ. ಸೈತಾನ ಇಷ್ಟು ಒಳ್ಳೆಯವನ ಥರ ಕಾಣಬಾರದು ಅಂತ ಕೆಲವರು ಕೋರ್ಟಿಗೂ ಹೋಗಿದ್ದರು! ಪ್ರತಿಮೆ ಉಳಿದುಕೊಂಡಿದೆ.

ಕಾಲ ಎಂಥಾದ್ದು ಅಂತ ಕೇಳಿದರೆ, ಕಟ್ಟಿಸಿದವರ ಹೆಸರು ಕಂಚಿನ ಅಕ್ಷರದಲ್ಲಿತ್ತು, ಅಕ್ಷರ ಹೋಗಿ ಅವನ್ನು ಕೂರಿಸಿದ ತೂತು ಮಾತ್ರ ಉಳಿದಿದೆ. ಬಹಳ ಕಾಲ ಕ್ರಿ.ಶ. ಒಂದನೇ ಶತಮಾನದ್ದು ಅಂತಿದ್ದರು. ಕಂಬದ ಬುಡದ ಮಣ್ಣಿನಲ್ಲಿ ಟ್ರಾಜನ್ ಚಕ್ರವರ್ತಿಯ ನಾಣ್ಯ ಸಿಕ್ಕಮೇಲೆ 112ರ ಈಚಿನದು ಅಂತ ಲೆಕ್ಕ ಬದಲಾಯಿತು.

ಇಷ್ಟಾದಮೇಲೆ ನಿಮ್ಮ ಡೂಪ್ಲಿಕೇಟು ಪ್ರಶ್ನೆಗೆ ಬರೋಣ. ಆ ಮೇಲ್ಗಾಲುವೆಯೇ ಪೂರಾ ರೋಮನ್ನರದ್ದಲ್ಲ ರೀ. 1072ರಲ್ಲಿ ತೊಲೆದೊದ ಮುಸ್ಲಿಂ ದೊರೆಯ ದಾಳಿಯಲ್ಲಿ 36 ಕಮಾನು ಬಿದ್ದವು ಅಂತ ಹೇಳಿಕೆ. ನಾಲ್ಕು ಶತಮಾನ ಕಳೆದ ಮೇಲೆ, ಇಸಾಬೆಲ್-ಫೆರ್ನಾಂದೊ ರಾಜ್ಯವಾಳುವಾಗ, ಎದುರಿನ ಎಲ್ ಪರಾಲ್ ಮಠದ ಸನ್ಯಾಸಿ ಹ್ವಾನ್ ದೆ ಎಸ್ಕೊಬೆದೊ ನಿಂತು ಅವನ್ನು ಕಟ್ಟಿಸಿದ. ಅಸೊಗೆಹೊದಿಂದ ಮೇಲ್ಗಾಲುವೆಯ ಪಕ್ಕದಲ್ಲೇ ಬೆಟ್ಟದ ದಿಕ್ಕಿಗೆ, ಒಂದಂತಸ್ತಿನ ಕಮಾನುಗಳ ಕಡೆ ನಡೆಯಿರಿ. ಒಂದು ಕಡೆ ಕಮಾನಿನ ನೆತ್ತಿ ಅರ್ಧಚಂದ್ರ ಬಿಟ್ಟು ಸ್ವಲ್ಪ ಚೂಪಾಗುತ್ತದೆ. ಅದು 15ನೇ ಶತಮಾನದವರ ಕೈ. ಅಷ್ಟು ದೂರ ಯಾವ ಪ್ರವಾಸಿಯೂ ಬರೋದಿಲ್ಲ, ಎಲ್ಲರೂ ಚೌಕದಲ್ಲೇ ಫೋಟೋ ಹೊಡೆಸಿಕೊಂಡು ಹಂದಿಮರಿ ತಿನ್ನಲಿಕ್ಕೆ ಓಡುತ್ತಾರೆ. ನನ್ನ ಪ್ರಕಾರ ಇಡೀ ಊರಿನಲ್ಲಿ ನೋಡಲೇಬೇಕಾದ ಜಾಗ ಅದೇ. ಸಾವಿರದ ಮುನ್ನೂರು ವರ್ಷಕ್ಕೂ ಹೆಚ್ಚು ಅಂತರವಿರುವ ಎರಡು ಕೆಲಸ ಒಂದೇ ಗೋಡೆಯಲ್ಲಿ ಕೂಡಿದೆ, ಮೇಲೆ ನೀರು ಮಾತ್ರ ಒಂದೇ ಮಟ್ಟದಲ್ಲಿ ಹರಿದಿದೆ.

ಸೆಗೋವಿಯಾ ಪೂರ್ತಿ ಹೀಗೇ. ಸುಟ್ಟಿದ್ದು, ಬಿದ್ದದ್ದು, ಬಿಚ್ಚಿ ಬೇರೆ ಕಡೆ ಕಟ್ಟಿದ್ದು. ಮಹಾ ಇಗರ್ಜಿಯನ್ನೇ ತಗೊಳ್ಳಿ. ಮೊದಲಿನದು ಅಲ್ಕಾಸರ್ ಕೋಟೆಯ ಎದುರಿಗೇ ಇತ್ತು. 1520-21ರಲ್ಲಿ ದೊರೆ ಕಾರ್ಲೋಸ್ ವಿರುದ್ಧ ಕೊಮುನೇರೊಗಳು, ಅಂದರೆ ಕಸ್ತೀಲಿಯಾದ ಊರುಗಳ ಬಂಡಾಯಗಾರರು, ದಂಗೆಯೆದ್ದಾಗ, ಕೋಟೆಗೆ ಹೊಡೆಯಲು ಆ ಇಗರ್ಜಿಯನ್ನೇ ಮರೆ ಮಾಡಿಕೊಂಡರು. ಇಗರ್ಜಿ ಹಾಳಾಯಿತು. ದಂಗೆಯ ನಾಯಕರಲ್ಲಿ ಒಬ್ಬನಾದ ಈ ಊರಿನ ಹ್ವಾನ್ ಬ್ರಾವೊನ ತಲೆ 1521ರ ಏಪ್ರಿಲ್‌ನಲ್ಲಿ ವಿಯಲಾರ್‌ನಲ್ಲಿ ಉರುಳಿತು, ಅವನ ಪ್ರತಿಮೆ ಈಗ ಪೇಟೆ ಬೀದಿಯ ಪಕ್ಕದಲ್ಲೇ ಇದೆ. ಹೊಸ ಇಗರ್ಜಿಯನ್ನು ಕೋಟೆಯಿಂದ ದೂರ, ಊರ ನಡುವೆ ಶುರುಮಾಡಿದ್ದು 1525ರಲ್ಲಿ. ಶಿಲ್ಪಿ ಹ್ವಾನ್ ಹಿಲ್ ದೆ ಒಂತಾನ್ಯೋನ್, ಆಮೇಲೆ ಅವನ ಮಗ ರೊದ್ರಿಗೊ. ಇಟಲಿಯಲ್ಲಿ ಆಗ ಚೂಪು ಕಮಾನಿನ ಹಳೇ ಗಾಥಿಕ್ ಶೈಲಿ ಅಂದರೆ ಮುಖ ಸಿಂಡರಿಸುತ್ತಿದ್ದ ಕಾಲ, ಇವರು ಪಟ್ಟುಹಿಡಿದು ಗಾಥಿಕ್ಕನ್ನೇ ಕಟ್ಟಿದರು. ಪ್ರತಿಷ್ಠೆ ಆದದ್ದು 1768ಕ್ಕೆ! ನಡುವೆ 1614ರಲ್ಲಿ ಸಿಡಿಲು ಬಡಿದು ಗೋಪುರದ ಮೊನೆ ಸುಟ್ಟುಹೋಗಿ ಈಗಿನ ಗುಮ್ಮಟ ಬಂತು.

ಒಳಗೆ ಹೋದರೆ ಒಳಾಂಗಣದ ಸುತ್ತಿನ ಮೊಗಸಾಲೆ ಬಿಡಬೇಡಿ. ಅದು ಹ್ವಾನ್ ಗ್ವಾಸ್ ಅನ್ನುವವನು ಹಳೇ ಇಗರ್ಜಿಗೆ 15ನೇ ಶತಮಾನದಲ್ಲಿ ಕಟ್ಟಿದ್ದು. ಹಾಳಾದ ಇಗರ್ಜಿಯಿಂದ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಹೊತ್ತು ತಂದು, ಇಲ್ಲಿ ಮತ್ತೆ ಜೋಡಿಸಿದರು. ಅಂದರೆ ಇಗರ್ಜಿಗಿಂತ ಅದರ ಅಂಗಳ ಹಳೆಯದು.

ಕೋಟೆಯ ಬಗ್ಗೆ ಸಂಜೆ ಬರೀತೀನಿ, ಈಗ ಸೈಟಿಗೆ ಹೊರಡಬೇಕು.


ಇತಿಹಾಸದ_ಮೇಷ್ಟ್ರು:

ಬಂಡೆಗಲ್ಲು ಅವರು ಕಲ್ಲಿನಲ್ಲೇ ಮುಳುಗಿದರು, ನಾನು ಮನುಷ್ಯರ ಬಗ್ಗೆ ಎರಡು ಮಾತು ಸೇರಿಸುತ್ತೇನೆ. 1474ರ ಡಿಸೆಂಬರ್‌ನಲ್ಲಿ ಕಸ್ತೀಲಿಯಾದ ದೊರೆ ನಾಲ್ಕನೇ ಎನ್ರಿಕೆ ಮ್ಯಾಡ್ರಿಡ್‌ನಲ್ಲಿ ತೀರಿಕೊಂಡ. ಅವನ ತಂಗಿ ಇಸಾಬೆಲ್ ಆಗ ಸೆಗೋವಿಯಾದಲ್ಲಿದ್ದಳು, ಗಂಡ ಫೆರ್ನಾಂದೊ ದೂರದ ಅರಗೋನ್‌ನಲ್ಲಿ. ಆಕೆ ಗಂಡನಿಗಾಗಿ ಕಾಯಲಿಲ್ಲ. 13ನೇ ತಾರೀಕು ಅಲ್ಕಾಸರ್‌ನಿಂದ ಹೊರಟು ಊರ ಚೌಕದಲ್ಲಿದ್ದ ಸಾನ್ ಮಿಗೆಲ್ ಇಗರ್ಜಿಯ ಮುಂದೆ ತನ್ನನ್ನು ಕಸ್ತೀಲಿಯಾದ ರಾಣಿಯೆಂದು ಸಾರಿಸಿಕೊಂಡಳು. ಮೆರವಣಿಗೆಯಲ್ಲಿ ಆಕೆಯ ಮುಂದೆ ಬಿಚ್ಚುಗತ್ತಿ ಹಿಡಿದು ನಡೆದರು. ಅದು ಗಂಡಸು ರಾಜರಿಗೆ ಸಲ್ಲುವ ಮರ್ಯಾದೆ ಎಂದು ಗಂಡನ ಕಡೆಯವರಿಗೆ ಚುರುಕ್ಕೆಂದಿತು. ಆಕೆ ಅಷ್ಟು ಧೈರ್ಯ ಮಾಡಿದ್ದಕ್ಕೆ ಒಂದು ಕಾರಣ, ಕೋಟೆಯಲ್ಲಿದ್ದ ರಾಜಭಂಡಾರದ ಕೀಲಿಕೈ ಹಿಡಿದಿದ್ದ ಆಂದ್ರೆಸ್ ಕಬ್ರೇರ ಆಕೆಯ ಪರ ನಿಂತಿದ್ದು.

ಆ ಸಾನ್ ಮಿಗೆಲ್ ಕೂಡ 1532ರಲ್ಲಿ ಕುಸಿದು, ಸ್ವಲ್ಪ ಸರಿದು ಮತ್ತೆ ಎದ್ದದ್ದು. ಹಳೆಯದರ ಕೆತ್ತನೆಯ ಕಲ್ಲುಗಳನ್ನು ಹೊಸದರ ಮುಂಗೋಡೆಯಲ್ಲಿ ಸೇರಿಸಿದ್ದಾರೆ. ಬಂಡೆಗಲ್ಲು ಅವರ ವಾದಕ್ಕೆ ಇನ್ನೊಂದು ಸಾಕ್ಷಿ ಕೊಟ್ಟಂತಾಯಿತು!

ಇಸಾಬೆಲ್‌ಳ ನೆರವಿಗೆ ನಿಂತ ಇನ್ನೊಬ್ಬ ಅಬ್ರಹಾಂ ಸೆನಿಯೊರ್, ಸೆಗೋವಿಯಾದ ಯಹೂದಿ, ರಾಜ್ಯದ ತೆರಿಗೆ ಲೆಕ್ಕ ನೋಡುತ್ತಿದ್ದವನು. 1492ರಲ್ಲಿ ಯಹೂದಿಗಳು ಮತಾಂತರವಾಗಬೇಕು ಇಲ್ಲವೇ ದೇಶ ಬಿಡಬೇಕು ಎಂಬ ಆಜ್ಞೆ ಹೊರಟಾಗ, ಎಂಬತ್ತರ ಆಸುಪಾಸಿನ ಈ ಮುದುಕ ಕ್ರೈಸ್ತನಾದ. ರಾಜ-ರಾಣಿಯೇ ಜ್ಞಾನಸ್ನಾನದ ಸಾಕ್ಷಿಗಳು. ಫೆರ್ನಾನ್ ನೂನ್ಯೆಸ್ ಕೊರೊನೆಲ್ ಎಂದು ಹೊಸ ಹೆಸರು. ಅವನ ಮನೆ ಹಳೆಯ ಯಹೂದಿ ಕೇರಿಯಲ್ಲಿ ಇವತ್ತಿಗೂ ಇದೆ, ಕೇರಿಯ ಕಥೆ ಹೇಳುವ ಪ್ರದರ್ಶನ ಅದರಲ್ಲಿದೆ. ಹತ್ತಿರದಲ್ಲೇ ದೊಡ್ಡ ಸಿನಗಾಗ್ ಇತ್ತು. 15ನೇ ಶತಮಾನದ ಆರಂಭದಲ್ಲೇ ಅದನ್ನು ಕಿತ್ತುಕೊಂಡು ಕಾರ್ಪಸ್ ಕ್ರಿಸ್ತಿ ಎಂಬ ಇಗರ್ಜಿ ಮಾಡಿದ್ದರು. 1899ರಲ್ಲಿ ಬೆಂಕಿ ಬಿತ್ತು. ಈಗ ಕಾಣುವ ಕುದುರೆಲಾಳದ ಕಮಾನುಗಳು ಬೆಂಕಿಯ ನಂತರ ಸರಿಪಡಿಸಿದವು. ಕ್ಲಾಮೊರೆಸ್ ಕಣಿವೆಯ ಆಚೆ ದಡದ ಪೈನ್ ತೋಪಿನಲ್ಲಿ ಬಂಡೆಯಲ್ಲೇ ಕೊರೆದ ಅವರ ಸಮಾಧಿಗಳಿವೆ. ಗೋಡೆಯ ಬಳಿ ನಿಂತರೆ ಎದುರಿಗೇ ಕಾಣುತ್ತದೆ.


ತುಂಗಾತೀರ:

ಅಬ್ಬಾ, ಇಷ್ಟೆಲ್ಲಾ ಬರುತ್ತೆ ಅಂದುಕೊಂಡಿರಲಿಲ್ಲ. ಅಪ್ಪನಿಗೆ ಓದಿ ಹೇಳಿದೆ. ನೂರಕ್ಕೆ ಒಂದು ಇಳಿಜಾರು ಕೇಳಿ "ನಮ್ಮ ಕಾಲುವೆಗೆ ಹೀಗೆ ಕೊಟ್ಟಿದ್ದರೆ ನನ್ನನ್ನು ಸಸ್ಪೆಂಡ್ ಮಾಡ್ತಿದ್ದರು" ಅಂದರು. ಈಗ ಮೊಬೈಲಿನಲ್ಲಿ ಮ್ಯಾಪ್ ಹಿಡಿದು ಕೂತಿದ್ದಾರೆ. ಬಂಡೆಗಲ್ಲು ಸರ್, ಕೋಟೆ ಬಾಕಿ ಇದೆ. ಮತ್ತೆ ಅಮ್ಮನಿಗೆ ಎಷ್ಟು ನಡಿಗೆ ಆಗಬಹುದು?


ಬಂಡೆಗಲ್ಲು:

ಅಪ್ಪಾವರ ಮಾತು ನಮ್ಮ ಆಫೀಸಿನಲ್ಲಿ ಹೇಳಿದೆ, ಎಲ್ಲಾ ನಕ್ಕರು.

ಅಲ್ಕಾಸರ್ ಇರೋದು ಎರೆಸ್ಮಾ ಮತ್ತು ಕ್ಲಾಮೊರೆಸ್ ಹೊಳೆಗಳು ಕೂಡುವಲ್ಲಿ ಎದ್ದ ಬಂಡೆಯ ಮೂತಿಯ ಮೇಲೆ. ಮಧ್ಯಯುಗದ ಕೋಟೆ, ರಾಜರ ಅರಮನೆ. ಎರಡನೇ ಫೆಲಿಪೆ 1570ರಲ್ಲಿ ಆಸ್ಟ್ರಿಯಾದ ಅನ್ನಾಳನ್ನು ಮದುವೆಯಾದದ್ದು ಇದೇ ಕೋಟೆಯ ಪ್ರಾರ್ಥನಾಲಯದಲ್ಲಿ. ಫ್ಲಾಂಡರ್ಸ್ ಕಡೆ ನೋಡಿಬಂದ ಅವನಿಗೆ ಆ ಚೂಪು ಛಾವಣಿಗಳ ಹುಚ್ಚು, ಹೆಂಚು ತೆಗೆಸಿ ಕಪ್ಪು ಸ್ಲೇಟು ಹೊದಿಸಿದ. ಕ್ಯಾಲೆಂಡರಿನಲ್ಲಿ ಕಾಣುವ ಆ ಚೂಪು ತುದಿ ಅಲ್ಲಿಂದ ಶುರು. 1764ರಲ್ಲಿ ಮೂರನೇ ಕಾರ್ಲೋಸನ ಕಾಲಕ್ಕೆ ಅದು ಫಿರಂಗಿ ಪಡೆಯ ಶಾಲೆಯಾಯಿತು. 1862ರ ಮಾರ್ಚ್ 6ರಂದು ಬೆಂಕಿ. ಮ್ಯಾಡ್ರಿಡ್‌ಗೆ ಹೋಗುವ ಆಸೆಯಿಂದ ಕೆಡೆಟ್‌ಗಳೇ ಹಚ್ಚಿದರು ಅನ್ನೋದು ಊರ ಗಾಳಿಮಾತು. ಗೋಡೆ ನಿಂತವು, ಮರದ ಛಾವಣಿಗಳೆಲ್ಲ ಬೂದಿ.

ನಿಮ್ಮ ಸಂಬಂಧಿಕರು ಹೇಳಿದ್ದು ಇಲ್ಲಿಯವರೆಗೆ ಸರಿ. ಅವರು ಬಿಟ್ಟದ್ದು ಮುಂದಿನದು. ಬೆಂಕಿಗೆ ಇಪ್ಪತ್ತು ವರ್ಷ ಮುಂಚಿನ ಸುಮಾರಿಗೆ ಹೊಸೆ ಮರಿಯಾ ಆವ್ರಿಯಾಲ್ ಅನ್ನುವ ಚಿತ್ರಕಾರ ಆ ಕೋಣೆಗಳ ಒಳಮಾಳಿಗೆ, ಗೋಡೆಪಟ್ಟಿಗಳನ್ನು ಕೂತು ಬರೆದಿಟ್ಟಿದ್ದ. 1882ರಲ್ಲಿ ದುರಸ್ತಿ ಶುರುವಾದ ಮೇಲೆ ಕೈಗೆ ಸಿಕ್ಕ ಆಧಾರ ಆ ಚಿತ್ರಗಳು. ನಕ್ಷೆ ಬರೆದು ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದು ಸಣ್ಣ ಮಾತಲ್ಲ. ರಾಜರ ಸಾಲೆಯ ಸುತ್ತ ಮೇಲೆ ಕೂತಿರುವ ಐವತ್ತೆರಡು ರಾಜ-ರಾಣಿಯರ ಬಣ್ಣದ ಪ್ರತಿಮೆಗಳೂ ಹೀಗೇ ಮರಳಿ ಬಂದವು. ಸಿಂಹಾಸನದ ಕೋಣೆಯಲ್ಲಿ ಮಾತ್ರ ಬೇರೆ ಉಪಾಯ ಮಾಡಿದರು. ಅಲ್ಲಿ ತಲೆಯೆತ್ತಿದರೆ ಕಾಣುವ ಮರದ ಗುಮ್ಮಟ 15ನೇ ಶತಮಾನದ್ದೇ, ಅಸಲಿ. ಆದರೆ ಈ ಕೋಟೆಯದಲ್ಲ, ವಯ್ಯದೋಲಿದ್ ಪ್ರಾಂತದ ಒಂದು ಹಳ್ಳಿ ಇಗರ್ಜಿಯಿಂದ ತಂದು ಕೂರಿಸಿದ್ದು. ಪಟ್ಟಿಗಳು ಒಂದರ ಕೆಳಗೊಂದು ಹಾದು ನಕ್ಷತ್ರ ಮೂಡಿಸುವ ಮುದೇಹರ್ ಕೆಲಸ, ಅಂದರೆ ಸ್ಪೇನಿನ ಮುಸ್ಲಿಂ ಕುಶಲಕರ್ಮಿಗಳ ಶೈಲಿಯದು. ಈಗ ನೀವೇ ಹೇಳಿ, ಯಾವುದು ಡೂಪ್ಲಿಕೇಟು? ಇದೇ ಜಾಗದಲ್ಲಿ ಚಿತ್ರ ನೋಡಿ ಹೊಸದಾಗಿ ಮಾಡಿದ ಮಾಳಿಗೆಯೋ, ಬೇರೆ ಊರಿನಿಂದ ತಂದ ಹಳೇ ಮಾಳಿಗೆಯೋ? ನಾನಂತೂ ಟಿಕೆಟ್ ದುಡ್ಡು ದಂಡ ಅನ್ನೋದಿಲ್ಲ. ಕಬ್ಬಿಣದ ಅಂಗಿಯ ಗೊಂಬೆಗಳ ವಿಷಯದಲ್ಲಿ ಸುತ್ತಾಟದವರ ಜೊತೆ ನನ್ನದೂ ಓಟು.

ಕೋಟೆಯ ಹೊರಗೋಡೆಗೆ ಮುಖ ಹತ್ತಿರ ಇಟ್ಟು ನೋಡಿ. ಸುಣ್ಣದ ಗಾರೆಯಲ್ಲಿ ಒಂದಕ್ಕೊಂದು ತಾಗಿದ ಚಕ್ರಗಳ ಬಳ್ಳಿ, ಅದರಲ್ಲಿ ಸಣ್ಣ ಸಣ್ಣ ಕಪ್ಪು ಚೂರು. ಅದು ಕಲ್ಲಲ್ಲ, ಕಬ್ಬಿಣ ಕರಗಿಸಿದಾಗ ಉಳಿಯುವ ಕಿಟ್ಟ. ಗಾರೆ ಹಸಿ ಇರುವಾಗ ಒತ್ತಿದ್ದು. ಊರ ತುಂಬ ಮನೆಗಳ ಮೇಲೂ ಇಂಥ ಚಿತ್ತಾರ ಇದೆ, ಎಸ್ಗ್ರಾಫಿಯಾದೊ ಅಂತಾರೆ. ಎರಡು ಪದರ ಗಾರೆ ಬಳಿದು, ಮೇಲಿನದು ಆರುವ ಮುಂಚೆ ಅಚ್ಚಿಟ್ಟು ಗೀರಿ ಕೆರೆದು ತೆಗೆದರೆ ಒಳಗಿನ ಬಣ್ಣ ಕಾಣುತ್ತದೆ. ಕೆಳಗೆ ಇಟ್ಟಿಗೆಯೋ ಕಾಡುಗಲ್ಲೋ ಏನೇ ಇರಲಿ, ಮುಚ್ಚಿಹೋಗುತ್ತದೆ. ಬಡವರ ಶೃಂಗಾರ ಅಂತ ಹೀಗಳೆಯೋರು ಇದಾರೆ, ನನಗೆ 617 ಮೊನೆಗಲ್ಲು ಮೆತ್ತಿದ ಕಾಸಾ ದೆ ಲೋಸ್ ಪೀಕೋಸ್ ಮನೆಗಿಂತ ಇವೇ ಇಷ್ಟ.

ಇನ್ನು ಅಮ್ಮಾವರ ಮಂಡಿ. ಮ್ಯಾಡ್ರಿಡ್‌ನ ಚಮಾರ್ತಿನ್‌ನಿಂದ ವೇಗದ ರೈಲು ಅರ್ಧ ಗಂಟೆ. ದಾರಿಯಲ್ಲಿ ಗ್ವಾದರ್ರಾಮಾ ಬೆಟ್ಟದ ಕೆಳಗೆ 28 ಕಿಲೋಮೀಟರ್ ಸುರಂಗ ಇದೆ, ಅಪ್ಪಾವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ನಿದ್ದೆ ಹೋದಾರು. ಸ್ಟೇಷನ್ ಊರ ಹೊರಗೆ ಬಯಲಿನಲ್ಲಿದೆ, ಅಸೊಗೆಹೊಗೆ ಸಿಟಿ ಬಸ್ ಸಿಗುತ್ತದೆ. ಅಸೊಗೆಹೊದಿಂದ ಅಲ್ಕಾಸರ್‌ವರೆಗೆ ಬೀದಿ ಏರುತ್ತಾ, ಹಾಸುಗಲ್ಲಿನ ಮೇಲೆ ಹೋಗುತ್ತದೆ. ಹಾಗಾಗಿ ಅಮ್ಮಾವರಿಗೆ ಟ್ಯಾಕ್ಸಿ ಮಾಡಿ ನೇರ ಕೋಟೆ ಬಾಗಿಲಿಗೆ ಬಿಟ್ಟು, ಅಲ್ಲಿಂದ ಇಗರ್ಜಿಯ ಕಡೆ ವಾಪಸ್ ನಿಧಾನ ನಡೆದು ಬನ್ನಿ. ಕೋಟೆಯ ಹ್ವಾನ್ ಗೋಪುರಕ್ಕೆ 150ಕ್ಕೂ ಹೆಚ್ಚು ಮೆಟ್ಟಿಲು, ಸುತ್ತು ಏಣಿ, ಇಕ್ಕಟ್ಟು. ಅದಕ್ಕೆ ಟಿಕೆಟ್ ಬೇರೆ, ತಗೊಳ್ಳಲೇಬೇಡಿ.


ಸುಮ್ನೆ_ಸುತ್ತಾಟ:

ಸರಿ ಸರಿ, ಸೋತೆ. ಗೋಪುರ ಬಿಟ್ಟರೆ ಆ ಕೋಟೆಯ ಪೂರಾ ನೋಟ ಎಲ್ಲಿಂದ ಸಿಗುತ್ತೆ ಅಂತನಾದ್ರೂ ಹೇಳಿ.


ಬಂಡೆಗಲ್ಲು:

ಕೆಳಗೆ ಎರೆಸ್ಮಾ ದಾಟಿ ವೆರಾ ಕ್ರೂಸ್ ಇಗರ್ಜಿ ಹತ್ತಿರ. ಹನ್ನೆರಡು ಮೂಲೆಯ ಪುಟ್ಟ ಕಟ್ಟಡ, ಒಳಗಿನ ಶಾಸನದಲ್ಲಿ ಪ್ರತಿಷ್ಠೆಯ ವರ್ಷ 1208. ನಟ್ಟನಡುವೆ ಎರಡಂತಸ್ತಿನ ಸಣ್ಣ ಕೋಣೆಯೊಂದಿದೆ, ಜನ ಅದರ ಸುತ್ತ ಪ್ರದಕ್ಷಿಣೆ ಹಾಕುವಂತೆ ಜಾಗ ಬಿಟ್ಟಿದ್ದಾರೆ. ಟೆಂಪ್ಲರ್ ಅನ್ನುವ ಕ್ರೈಸ್ತ ಸನ್ಯಾಸಿ-ಯೋಧರು ಕಟ್ಟಿಸಿದ್ದು ಅಂತ ಗೈಡುಗಳು ಕಣ್ಣರಳಿಸಿ ಹೇಳ್ತಾರೆ, ನಂಬಬೇಡಿ, ಪವಿತ್ರ ಸಮಾಧಿಯ ಪಂಥದವರದ್ದು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ವೇಳೆ ವಿಚಾರಿಸಿಕೊಂಡು ಹೋಗಿ.

ಅದೇ ಹೊಳೆದಂಡೆಯಲ್ಲಿ ಮೇಲಕ್ಕೆ ಬಂದರೆ ಟಂಕಸಾಲೆ. ತುಂಗಾತೀರ ಅವರೇ, ಸಮಯ ಉಳಿದರೆ ಅಪ್ಪಾವರನ್ನ ಅಲ್ಲಿಗೂ ಕರಕೊಂಡು ಹೋಗಿ. ಎರಡನೇ ಫೆಲಿಪೆ 1580ರ ದಶಕದಲ್ಲಿ ಕಟ್ಟಿಸಿದ್ದು, ನಕ್ಷೆ ಹ್ವಾನ್ ದೆ ಎರ್ರೇರನದ್ದು. ಸುತ್ತಿಗೆಯಿಂದ ಬಡಿಯುವ ಬದಲು ನೀರಿನ ಚಕ್ರ ತಿರುಗಿಸುವ ಉರುಳೆಗಳ ನಡುವೆ ಬೆಳ್ಳಿಪಟ್ಟಿ ಹಾಯಿಸಿ ನಾಣ್ಯ ಒತ್ತುತ್ತಿದ್ದರು. ಯಂತ್ರಗಳು ಬಂದದ್ದು ಟಿರೋಲ್‌ನ ಹಾಲ್ ಎಂಬ ಊರಿನಿಂದ. 19ನೇ ಶತಮಾನದಲ್ಲಿ ಟಂಕಿಸುವುದು ನಿಂತ ಮೇಲೆ ಅದೇ ಚಕ್ರದ ಜಾಗದಲ್ಲಿ ಹಿಟ್ಟಿನ ಗಿರಣಿ ನಡೆಯಿತು. ಈಗ ವಸ್ತುಸಂಗ್ರಹಾಲಯ. ಮರದ ಚಕ್ರಗಳನ್ನು ಹೊಸದಾಗಿ ಮಾಡಿ ಹಾಕಿದ್ದಾರೆ, ಹೊಳೆಯ ಮಟ್ಟಕ್ಕೇ ಇರೋದರಿಂದ ಟ್ಯಾಕ್ಸಿ ಹತ್ತಿರದವರೆಗೂ ಹೋಗುತ್ತದೆ.